ಹುಡುಕಿದವರ ಕಣ್ಣಿಗೆ ಬೀಳುವುದು: ಸರ್ಚ್ ಎಂಜಿನ್ ಆಪ್ಟಿಮೈಸೇಷನ್ ಕುರಿತ ಮೊದಲ ಪಾಠಗಳು

ಗೂಗಲ್, ಬಿಂಗ್ ಮೊದಲಾದ ಸರ್ಚ್ ಎಂಜಿನ್‌ಗಳಲ್ಲಿ ಯಾರಾದರೂ ಹುಡುಕಿದಾಗ, ಅದಕ್ಕೆ ಸಂಬಂಧಪಟ್ಟ ವೆಬ್ ಪುಟ ಜಾಹೀರಾತಿನ ಹಣವಿಲ್ಲದೆ ಮೇಲಿನ ಸಾಲುಗಳಲ್ಲಿ ಕಾಣಿಸುವಂತೆ ಆ ಪುಟವನ್ನು ಅಣಿಗೊಳಿಸುವ ಕೆಲಸಕ್ಕೆ ಸರ್ಚ್ ಎಂಜಿನ್ ಆಪ್ಟಿಮೈಸೇಷನ್ ಎಂದು ಹೆಸರು. ಬಳಕೆಯ ಮಾತಿನಲ್ಲಿ ಅದು ಎಸ್‌ಇಒ. ಗೂಗಲ್ ಕಂಪನಿ ಹುಟ್ಟಿದ್ದು 1998ರಲ್ಲಿ. ಅದರ ಜಾಹೀರಾತು ವ್ಯವಸ್ಥೆಯಾದ ಆಡ್‌ವರ್ಡ್ಸ್ ಬಂದದ್ದು 2000ದಲ್ಲಿ. ಅಂದಿನಿಂದ ಫಲಿತಾಂಶದ ಪುಟದಲ್ಲಿ ಎರಡು ಬಗೆಯ ಸಾಲುಗಳು ಅಕ್ಕಪಕ್ಕದಲ್ಲಿವೆ. ದುಡ್ಡು ಕಟ್ಟಿ ಹಾಕಿಸಿದ ಸಾಲುಗಳಿಗೆ ಪ್ರಾಯೋಜಿತ ಎಂಬ ಗುರುತು ಇರುತ್ತದೆ. ಉಳಿದವು ಯಂತ್ರ ತಾನಾಗಿ ಆರಿಸಿದವು. ಜಾಹೀರಾತಿಗೆ ಎಷ್ಟು ಸುರಿದರೂ ಈ ಎರಡನೆಯ ಬಗೆಯಲ್ಲಿ ಮೇಲೇರಲು ಅದು ನೆರವಾಗುವುದಿಲ್ಲ ಎಂದು ಗೂಗಲ್ ಬಹಿರಂಗವಾಗಿಯೇ ಹೇಳಿದೆ. ಎಸ್‌ಇಒ ಎಂಬುದೆಲ್ಲ ಈ ಎರಡನೆಯ ಬಗೆಯ ಸಾಲುಗಳ ವಿಚಾರ.

ದಕ್ಷಿಣ ಬೆಂಗಳೂರಿನಲ್ಲಿ ಈ ವಿದ್ಯೆಯ ಅಗತ್ಯ ಇರುವವರು ಬೀದಿಬೀದಿಯಲ್ಲಿದ್ದಾರೆ. ಜಯನಗರ ನಾಲ್ಕನೇ ಬ್ಲಾಕಿನ ಸೀರೆ ಅಂಗಡಿ, ಬಿಟಿಎಂ ಲೇಔಟಿನ ಪಿಜಿ, ಬನಶಂಕರಿ ಎರಡನೇ ಹಂತದ ಸಂಗೀತ ಶಾಲೆ, ಜೆ.ಪಿ. ನಗರದ ದಂತವೈದ್ಯರು, ಗೃಹಪ್ರವೇಶಕ್ಕೆ ಅಡುಗೆ ಒಪ್ಪಿಕೊಳ್ಳುವವರು, ಎಲ್ಲರನ್ನೂ ಜನ ಮೊದಲು ಫೋನಿನಲ್ಲಿ ಹುಡುಕಿ ಆಮೇಲೆ ಗಾಡಿ ಹತ್ತುತ್ತಾರೆ. ಈ ವಿದ್ಯೆ ಕಲಿಸುವ ತರಬೇತಿ ಕೇಂದ್ರಗಳ ಬೋರ್ಡುಗಳೂ ಇದೇ ಬಡಾವಣೆಗಳಲ್ಲಿ ಧಾರಾಳವಾಗಿವೆ. ವಿಷಯವನ್ನು ಕ್ರಮವಾಗಿ ಬಿಡಿಸಲು ಒಂದು ಕಾಲ್ಪನಿಕ ಹೋಳಿಗೆ ಅಂಗಡಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳುವುದು ಅನುಕೂಲ. ಅಂಗಡಿ ಜಯನಗರದಲ್ಲಿದೆ, ಅದಕ್ಕೊಂದು ವೆಬ್‌ಸೈಟ್ ಇದೆ, ಆದರೆ ಹುಡುಕಿದವರಿಗೆ ಅದು ಸಿಗುತ್ತಿಲ್ಲ.

ಸಿಗದಿರಲು ಕಾರಣ ಮೂರು ಹಂತಗಳಲ್ಲಿ ಎಲ್ಲಿ ಬೇಕಾದರೂ ಇರಬಹುದು. ಸರ್ಚ್ ಎಂಜಿನ್ನಿನ ತಂತ್ರಾಂಶ, ಗೂಗಲ್ಲಿನದಾದರೆ ಗೂಗಲ್‌ಬಾಟ್, ಒಂದು ಪುಟದಿಂದ ಇನ್ನೊಂದಕ್ಕೆ ಲಿಂಕುಗಳ ಜಾಡು ಹಿಡಿದು ಹೋಗಿ ಪುಟಗಳನ್ನು ಓದಿಕೊಂಡು ಬರುತ್ತದೆ. ಇದು ಕ್ರಾಲಿಂಗ್. ಓದಿದ್ದನ್ನು ಇಂಡೆಕ್ಸಿಗೆ ಸೇರಿಸುವುದು ಎರಡನೆಯ ಹಂತ. ದಪ್ಪ ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂತೆ, ಯಾವ ಪದ ಯಾವ ಯಾವ ಪುಟದಲ್ಲಿದೆ ಎಂಬುದರ ಪಟ್ಟಿ ಅದು. ಹುಡುಕಾಟ ನಡೆಯುವುದು ಈ ಪಟ್ಟಿಯಲ್ಲಿ, ಆ ಕ್ಷಣದ ಇಂಟರ್ನೆಟ್ಟಿನಲ್ಲಲ್ಲ. ಪಟ್ಟಿಯಿಂದ ಹೊರಬಂದ ಸಾವಿರಾರು ಪುಟಗಳಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂದು ತೀರ್ಮಾನಿಸುವುದು ಮೂರನೆಯ ಹಂತ, ರ‍್ಯಾಂಕಿಂಗ್. ತರಬೇತಿಗಳಲ್ಲಿ ಮಾತೆಲ್ಲ ಈ ಮೂರನೆಯದರ ಸುತ್ತ ನಡೆಯುತ್ತದೆ. ಸಣ್ಣ ವೆಬ್‌ಸೈಟುಗಳು ಎಡವುವುದು ಹೆಚ್ಚಾಗಿ ಮೊದಲ ಎರಡರಲ್ಲಿ.

ಕ್ರಾಲಿಂಗ್ ಹಂತದ ತೊಡಕುಗಳು ಬೇಗ ಪರಿಹಾರವಾಗುವಂಥವು. ಎಲ್ಲಿಂದಲೂ ಲಿಂಕ್ ಇಲ್ಲದ ಪುಟಕ್ಕೆ ಯಂತ್ರ ತಲುಪುವ ದಾರಿಯಿಲ್ಲ. ಆದ್ದರಿಂದ ಸೈಟಿನ ಎಲ್ಲ ಪುಟಗಳ ವಿಳಾಸ ಕೊಡುವ ಸೈಟ್‌ಮ್ಯಾಪ್ ಎಂಬ ಕಡತವನ್ನು ಇಡುತ್ತಾರೆ. ಈ ಪದ್ಧತಿಯನ್ನು ಗೂಗಲ್ 2005ರಲ್ಲಿ ಶುರುಮಾಡಿತು; ಮರುವರ್ಷ ಯಾಹೂ, ಮೈಕ್ರೋಸಾಫ್ಟ್ ಅದನ್ನು ಒಪ್ಪಿಕೊಂಡವು. ಯಂತ್ರ ಎಲ್ಲಿಗೆ ಬರಬಾರದು ಎಂದು ಹೇಳುವ ರೋಬಾಟ್ಸ್ ಕಡತ ಇನ್ನೂ ಹಳೆಯದು, 1994ರದು. ವೆಬ್‌ಸೈಟ್ ಕಟ್ಟುವಾಗ ಅದು ಅರ್ಧದಲ್ಲಿ ಯಾರಿಗೂ ಕಾಣದಿರಲಿ ಎಂದು ಈ ಕಡತದಲ್ಲಿ ಬಾಗಿಲು ಹಾಕಿ, ಉದ್ಘಾಟನೆಯ ದಿನ ತೆರೆಯಲು ಮರೆಯುವುದು ಈ ಉದ್ಯಮದಲ್ಲಿ ಅಪರೂಪದ ಸಂಗತಿಯಲ್ಲ.

ಇಂಡೆಕ್ಸಿನ ಹಂತದಲ್ಲಿ ಕನ್ನಡಕ್ಕೆ ಅದರದೇ ಆದ ಕಷ್ಟವೊಂದಿದೆ, ಅದನ್ನು ತುಸು ವಿವರವಾಗಿ ನೋಡಬೇಕು. ಯಂತ್ರ ಓದುವುದು ಅಕ್ಷರದ ಆಕಾರವನ್ನಲ್ಲ, ಅದರ ಹಿಂದಿನ ಸಂಕೇತವನ್ನು. ಕನ್ನಡ ಟೈಪಿಸುವ ‘ಬರಹ’ ಎಂಬ ತಂತ್ರಾಂಶ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ಅಂಥದೇ ತಂತ್ರಾಂಶ ‘ನುಡಿ’ ಅದರ ಬೆನ್ನಿಗೇ ಬಂತು. ಕಂಪ್ಯೂಟರಿನಲ್ಲಿ ಕನ್ನಡ ಬೆಳೆದದ್ದೇ ಇವುಗಳಿಂದ. ಆದರೆ ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರವನ್ನು ಹೊದಿಸುತ್ತಿದ್ದವು. ನುಡಿಯ ಹಳೆಯ ಫಾಂಟಿನಲ್ಲಿ ಟೈಪಾದ ‘ಕನ್ನಡ’ ಎಂಬ ಪದವನ್ನು ಆ ಫಾಂಟ್ ಇಲ್ಲದ ಕಡೆ ತೆರೆದರೆ ಕಾಣುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ ಇತ್ಯಾದಿ. ಸರ್ಚ್ ಎಂಜಿನ್ ಇಂಡೆಕ್ಸಿಗೆ ಸೇರಿಸುವುದೂ ಅದನ್ನೇ. ಯುನಿಕೋಡ್ 1991ರಲ್ಲಿ ಮೊದಲ ಆವೃತ್ತಿ ಬಂದಾಗಲೇ ಕನ್ನಡಕ್ಕೆ ಸ್ವಂತ ಸ್ಥಾನ ಕೊಟ್ಟಿತ್ತು. ಬರಹ, ನುಡಿ ಎರಡೂ ಆಮೇಲೆ ಯುನಿಕೋಡಿಗೆ ಹೊರಳಿದವು. ಆದರೂ ಮುದ್ರಣಾಲಯದಲ್ಲಿ ಹಳೆಯ ಫಾಂಟಿನಲ್ಲಿ ಕೂಡಿಸಿದ ಕರಪತ್ರ, ಸ್ಮರಣ ಸಂಚಿಕೆ, ಸುತ್ತೋಲೆಗಳನ್ನು ಪಿಡಿಎಫ್ ಮಾಡಿ ಹಾಗೆಯೇ ವೆಬ್‌ಸೈಟಿಗೆ ಏರಿಸುವ ಅಭ್ಯಾಸ ಪೂರಾ ಹೋಗಿಲ್ಲ. ಮನುಷ್ಯರಿಗೆ ಅದು ಶುದ್ಧ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಅಕ್ಷರರಾಶಿ. ಇಂಥ ಪುಟಕ್ಕೆ ಬೇರೆ ಯಾವ ಉಪಚಾರ ಮಾಡಿದರೂ ಫಲವಿಲ್ಲ. ಪಠ್ಯವನ್ನು ಯುನಿಕೋಡಿಗೆ ಬದಲಿಸುವುದೇ ಮೊದಲ ಎಸ್‌ಇಒ.

ಚಿತ್ರದೊಳಗಿನ ಬರಹದ ಪಾಡೂ ಹೆಚ್ಚುಕಡಿಮೆ ಇದೇ. ಹೋಳಿಗೆ ಅಂಗಡಿಯವರು ಬಗೆಗಳು, ಬೆಲೆ, ಫೋನ್ ನಂಬರ್ ಎಲ್ಲವನ್ನೂ ಒಂದು ಚೆಂದದ ಪೋಸ್ಟರ್ ಮಾಡಿಸಿ, ವಾಟ್ಸ್‌ಆಪಿಗೆ ಕಳಿಸಿದ ಅದೇ ಚಿತ್ರವನ್ನು ಮುಖಪುಟಕ್ಕೂ ಹಾಕಿದರೆ, ಆ ಪುಟದಲ್ಲಿ ಪಠ್ಯವೇ ಇಲ್ಲ. ಚಿತ್ರದಲ್ಲಿನ ಅಕ್ಷರ ಗುರುತಿಸುವ ತಂತ್ರಜ್ಞಾನ ಬಂದಿದೆ ನಿಜ, ಅದನ್ನು ನಂಬಿ ಕೂರುವಂತಿಲ್ಲ. ಬೆಲೆಪಟ್ಟಿಯನ್ನು ಅಕ್ಷರದಲ್ಲಿ ಬರೆಯಬೇಕು. ಚಿತ್ರಕ್ಕೆ ಅದರಲ್ಲೇನಿದೆ ಎಂದು ಹೇಳುವ ಒಂದು ಸಾಲಿನ ಆಲ್ಟ್ ಪಠ್ಯ ಕೊಡಬೇಕು. ದೃಷ್ಟಿ ಇಲ್ಲದವರ ಸ್ಕ್ರೀನ್ ರೀಡರ್ ಓದಿ ಹೇಳುವುದೂ ಇದೇ ಸಾಲನ್ನು, ಹಾಗಾಗಿ ಇದನ್ನು ಕೀವರ್ಡ್, ಅಂದರೆ ಜನ ಹುಡುಕಲು ಬಳಸುವ ಪದ, ತುರುಕುವ ಜಾಗ ಮಾಡುವುದು ಅವಿವೇಕ.

ಇನ್ನೊಂದು ಕಣ್ಣಿಗೆ ಕಾಣದ ಸೂಕ್ಷ್ಮ. ‘ರಾಜ್‌ಕುಮಾರ್’ ಎಂದು ಬಿಡಿಯಾಗಿ ಮೂಡಿಸಲು ಜ್ ಮತ್ತು ಕು ನಡುವೆ ಅಗೋಚರವಾದ ಒಂದು ಸಂಕೇತ ಇಡಬೇಕಾಗುತ್ತದೆ. ಇಡದಿದ್ದರೆ ಒತ್ತಕ್ಷರವಾಗಿ ‘ರಾಜ್ಕುಮಾರ್’ ಆಗುತ್ತದೆ. ಸರಳ ತಂತ್ರಾಂಶಗಳ ಲೆಕ್ಕದಲ್ಲಿ ಇವು ಎರಡು ಬೇರೆ ಪದಗಳು. ಅಂಗಡಿಯ ಹೆಸರಿನಲ್ಲಿ ಇಂಥ ಜೋಡಣೆ ಇದ್ದರೆ ಸೈಟಿನ ತುಂಬ ಒಂದೇ ರೂಪ ಉಳಿಸಿಕೊಳ್ಳುವುದು ಕ್ಷೇಮ. ಪುಟದ ವಿಳಾಸದಲ್ಲಿ ಕನ್ನಡ ಬಳಸುವಾಗಲೂ ಒಂದು ಲೆಕ್ಕ ತಿಳಿದಿರಬೇಕು: ವಿಳಾಸವನ್ನು ನಕಲು ಮಾಡಿ ಬೇರೆಡೆ ಅಂಟಿಸಿದಾಗ ಒಂದೊಂದು ಕನ್ನಡ ಸಂಕೇತವೂ ಶೇಕಡಾ ಚಿಹ್ನೆಗಳ ಸಮೇತ ಒಂಬತ್ತು ಅಕ್ಷರಗಳಾಗಿ ಹಿಗ್ಗಬಹುದು. ‘ಜಯನಗರ’ ಎಂಬ ಐದಕ್ಷರ 45 ಅಕ್ಷರಗಳ ಸಾಲಾಗುತ್ತದೆ. ಯಂತ್ರಕ್ಕೆ ಅದರಿಂದ ತೊಂದರೆಯಿಲ್ಲ, ಹಂಚಿಕೊಳ್ಳುವ ಮನುಷ್ಯರಿಗೆ ಇದೆ. ಆದ್ದರಿಂದ ಕನ್ನಡ ಸೈಟುಗಳಲ್ಲೂ ವಿಳಾಸವನ್ನು ಚಿಕ್ಕ ಇಂಗ್ಲಿಷ್ ಲಿಪಿಯಲ್ಲಿ ಇಡುವುದು ರೂಢಿ. ಅದು ತಪ್ಪೇನೂ ಅಲ್ಲ.

ಪುಟ ಇಂಡೆಕ್ಸಿಗೆ ಸೇರಿದ ಮೇಲೆ ಮುಂದಿನದು ಪದಗಳ ವಿಚಾರ. ಅಂಗಡಿಯವರು ತಮ್ಮ ಸರಕನ್ನು ಏನೆಂದು ಕರೆಯುತ್ತಾರೆ ಎಂಬುದಕ್ಕಿಂತ ಹುಡುಕುವವರು ಏನೆಂದು ಟೈಪಿಸುತ್ತಾರೆ ಎಂಬುದು ಇಲ್ಲಿ ಮುಖ್ಯ. ಹೋಳಿಗೆಯನ್ನೇ ತೆಗೆದುಕೊಂಡರೆ ಒಬ್ಬರು ಹೋಳಿಗೆ ಎನ್ನುತ್ತಾರೆ, ಇನ್ನೊಬ್ಬರ ಮನೆಯಲ್ಲಿ ಅದು ಒಬ್ಬಟ್ಟು, ಬಿಟಿಎಂ ಲೇಔಟಿಗೆ ಕೆಲಸಕ್ಕೆ ಬಂದ ಪುಣೆಯ ಹುಡುಗನಿಗೆ ಪೂರಣ್ ಪೋಳಿ. ಎಷ್ಟೋ ಕನ್ನಡಿಗರು ಹುಡುಕುಪೆಟ್ಟಿಗೆಯಲ್ಲಿ ಈ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿಯೇ ಒತ್ತುತ್ತಾರೆ. ಪುಟದ ಪಠ್ಯದಲ್ಲಿ ಈ ಮೂರೂ ಹೆಸರು ಸಹಜವಾಗಿ ಒಮ್ಮೆಯಾದರೂ ಬಂದಿರಬೇಕು. ಒಂದೇ ಪದವನ್ನು ಇಪ್ಪತ್ತು ಸಲ ಜಪಿಸುವುದು ಕೀವರ್ಡ್ ಸ್ಟಫಿಂಗ್. ಗೂಗಲ್ಲಿನ ಸ್ಪ್ಯಾಮ್ ನಿಯಮಗಳ ಪ್ರಕಾರ ಅದು ದೋಷ. ಯಾವ ಪದವನ್ನು ಯಾವ ತಿಂಗಳಲ್ಲಿ ಹೆಚ್ಚು ಹುಡುಕುತ್ತಾರೆ ಎಂಬುದನ್ನು ಗೂಗಲ್ ಟ್ರೆಂಡ್ಸ್ ಪುಕ್ಕಟೆಯಾಗಿ ತೋರಿಸುತ್ತದೆ. ಹೋಳಿಗೆಯ ಗೆರೆ ಯುಗಾದಿಯ ಹೊತ್ತಿಗೆ ಏರುತ್ತದೆಂದು ಹೇಳಲು ಪಂಚಾಂಗ ಬಲ್ಲವರಿಗೆ ಅದೂ ಬೇಡ.

ಊರಿನ ಹೆಸರುಗಳಲ್ಲೂ ಇದೇ ತೊಡಕು. 2014ರ ನವೆಂಬರ್ 1ರಂದು ಬ್ಯಾಂಗಲೋರ್ ಅಧಿಕೃತವಾಗಿ ಬೆಂಗಳೂರು ಆಯಿತು. ಹುಡುಕುವವರು ಇಂದಿಗೂ ಎರಡನ್ನೂ ಬಳಸುತ್ತಾರೆ. ಜೆ.ಪಿ. ನಗರ ಎಂಬುದನ್ನು ಚುಕ್ಕಿ ಇಟ್ಟು, ಬಿಟ್ಟು, ಕೂಡಿಸಿ, ಬಿಡಿಸಿ ನಾಲ್ಕಾರು ರೀತಿ ಬರೆಯುವುದುಂಟು. ದೊಡ್ಡ ಸರ್ಚ್ ಎಂಜಿನ್‌ಗಳು ಇಂಥ ರೂಪಭೇದಗಳನ್ನು ಈಗ ಬಹುಮಟ್ಟಿಗೆ ಹೊಂದಿಸಿಕೊಳ್ಳುತ್ತವೆ. ಹೊಂದಿಸಿಕೊಳ್ಳಲಾಗದ್ದು ಹಳಸಿದ ಗುರುತುಗಳನ್ನು. ಜಯದೇವ ಫ್ಲೈಓವರ್ ಪಕ್ಕ ಎಂದು ವಿಳಾಸ ಬರೆದ ಪುಟಗಳಿದ್ದವು. ಮೆಟ್ರೋ ಕಾಮಗಾರಿಗಾಗಿ ಆ ಫ್ಲೈಓವರನ್ನು 2020ರಲ್ಲಿ ಕೆಡವಲಾಯಿತು. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗ ತೆರೆದ ಮೇಲೆ ರಾಗಿಗುಡ್ಡ, ಜಯದೇವ ಆಸ್ಪತ್ರೆ, ಬಿಟಿಎಂ ಲೇಔಟ್ ಎಂಬ ನಿಲ್ದಾಣದ ಹೆಸರುಗಳೇ ಹೊಸ ಗುರುತುಗಳಾದವು. ಪಿಜಿ ಹುಡುಕುವವರಿಗೆ ಮೆಟ್ರೋ ನಿಲ್ದಾಣದಿಂದ ಎಷ್ಟು ನಡಿಗೆ ಎಂಬ ಒಂದು ಸಾಲು ಹತ್ತು ವಿಶೇಷಣಗಳಿಗಿಂತ ಹೆಚ್ಚು ಉಪಯೋಗದ್ದು, ಹುಡುಕಾಟಕ್ಕೂ ಅದೇ ಹೊಂದುತ್ತದೆ.

ಹುಡುಕಾಟದ ಹಿಂದಿನ ಉದ್ದೇಶವನ್ನೂ ಗುರುತಿಸಬೇಕು. 2002ರಲ್ಲಿ ಆಂಡ್ರೇ ಬ್ರೋಡರ್ ಎಂಬ ವಿಜ್ಞಾನಿ ಹುಡುಕಾಟಗಳನ್ನು ಮೂರಾಗಿ ವಿಂಗಡಿಸಿದರು: ಗೊತ್ತಿರುವ ತಾಣಕ್ಕೆ ಹೋಗಲು, ಮಾಹಿತಿ ಪಡೆಯಲು, ಏನಾದರೊಂದು ಕೆಲಸ ಮುಗಿಸಲು. ‘ರಂಗಶಂಕರ’ ಎಂದು ಒತ್ತಿದವರಿಗೆ ಜೆ.ಪಿ. ನಗರದ ಆ ರಂಗಮಂದಿರದ ಪುಟವೇ ಬೇಕು. ‘ಹೋಳಿಗೆ ಮಾಡುವುದು ಹೇಗೆ’ ಎಂದವರು ಕೊಳ್ಳುವವರಲ್ಲ, ‘ಐವತ್ತು ಜನಕ್ಕೆ ಹೋಳಿಗೆ ಆರ್ಡರ್’ ಎಂದವರು ಕೊಳ್ಳುವವರು. ಅಂಗಡಿಯವರು ಪಾಕವಿಧಾನದ ಪುಟ ಬರೆದು ಮೇಲಕ್ಕೆ ಬಂದರೂ ಮಾರಾಟ ಹೆಚ್ಚದಿದ್ದರೆ ಅಚ್ಚರಿಯಿಲ್ಲ. ಎಷ್ಟು ದಿನ ಮುಂಚೆ ಹೇಳಬೇಕು, ಎಷ್ಟು ದಿನ ಇಡಬಹುದು, ಬನಶಂಕರಿಯವರೆಗೆ ತಲುಪಿಸುತ್ತಾರೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡುವ ಪುಟ ಅವರಿಗೆ ಬೇಕಾದದ್ದು. ಇವೆಲ್ಲ ಆ ಅಂಗಡಿಗೆ ಮಾತ್ರ ಗೊತ್ತಿರುವ ಸಂಗತಿಗಳು. ಗೂಗಲ್ ತನ್ನ ಗುಣಮಟ್ಟ ಪರೀಕ್ಷಕರ ಕೈಪಿಡಿಯಲ್ಲಿದ್ದ ಪರಿಣತಿ, ಅಧಿಕಾರ, ವಿಶ್ವಾಸಾರ್ಹತೆ ಎಂಬ ಮೂರು ಅಳತೆಗಳಿಗೆ 2022ರ ಡಿಸೆಂಬರಿನಲ್ಲಿ ಅನುಭವ ಎಂಬ ನಾಲ್ಕನೆಯದನ್ನು ಸೇರಿಸಿದ್ದು ಇಂಥ ಬರಹವನ್ನು ಗುರುತಿಸಲೆಂದೇ.

ಪುಟದೊಳಗಿನ ತಾಂತ್ರಿಕ ಅಂಗಗಳ ಪಟ್ಟಿ ಉದ್ದವಿದ್ದರೂ ಹೊಸಬರಿಗೆ ಬೇಕಾದದ್ದು ಕೆಲವೇ. ಟೈಟಲ್ ಅವುಗಳಲ್ಲಿ ಮೊದಲನೆಯದು. ಫಲಿತಾಂಶದಲ್ಲಿ ನೀಲಿ ಸಾಲಾಗಿ ಸಾಮಾನ್ಯವಾಗಿ ಕಾಣುವುದು ಅದೇ. ಅಲ್ಲಿ ‘ಮುಖಪುಟ’ ಎಂದಷ್ಟೇ ಇದ್ದರೆ ಅವಕಾಶ ಹಾಳಾದಂತೆ. ಸರಕು, ಬಡಾವಣೆ, ಅಂಗಡಿಯ ಹೆಸರು ಇಷ್ಟು ಸಾಕು. ಉದ್ದವಾದರೆ ಕೊನೆ ಕತ್ತರಿಸಿಹೋಗುತ್ತದೆ. ಪುಟದ ಸಾರವನ್ನು ಕೋಡಿನಲ್ಲಿ ಹೇಳುವ ಮೆಟಾ ವಿವರಣೆಯಿಂದ ಸ್ಥಾನ ಏರುವುದಿಲ್ಲ, ಆದರೆ ಟೈಟಲ್ಲಿನ ಕೆಳಗೆ ಅದು ಕಾಣಿಸಿದಾಗ ಒತ್ತುವವರ ಮನಸ್ಸನ್ನು ಅದು ಸೆಳೆಯಬಹುದು. ಕೋಡಿನಲ್ಲಿ ಕೀವರ್ಡುಗಳ ಪಟ್ಟಿ ಕೊಡುವ ಮೆಟಾ ಕೀವರ್ಡ್ಸ್ ಎಂಬುದನ್ನು ವೆಬ್ ಹುಡುಕಾಟದ ಶ್ರೇಣಿಗೆ ಬಳಸುವುದಿಲ್ಲವೆಂದು ಗೂಗಲ್ 2009ರಲ್ಲೇ ಹೇಳಿದೆ. ಅದನ್ನು ತುಂಬಿಕೊಡಲು ಇಂದು ಶುಲ್ಕ ಕೇಳುವವರನ್ನು ದೂರವಿಡುವುದು ಒಳ್ಳೆಯದು. ಪುಟದ ಭಾಷೆ ಕನ್ನಡ ಎಂದು ಕೋಡಿನಲ್ಲಿ ಸೂಚಿಸುವುದು, ಕನ್ನಡ ಮತ್ತು ಇಂಗ್ಲಿಷ್ ಎರಡೂ ರೂಪಗಳಿದ್ದರೆ ಅವನ್ನು ಬೇರೆ ಬೇರೆ ವಿಳಾಸದಲ್ಲಿಟ್ಟು ಹ್ರೆಫ್‌ಲ್ಯಾಂಗ್ ಗುರುತಿನಿಂದ ಒಂದಕ್ಕೊಂದು ಜೋಡಿಸುವುದು, ಇವು ಒಮ್ಮೆ ಮಾಡಿ ಮರೆಯಬಹುದಾದ ಕೆಲಸಗಳು.

ಫೋನಿನ ವಿಷಯ ಹಾಗಲ್ಲ. ಗೂಗಲ್ ಪುಟಗಳನ್ನು ಮೊಬೈಲ್ ರೂಪದಲ್ಲಿಯೇ ಓದುವ ಪದ್ಧತಿಯನ್ನು 2016ರಲ್ಲಿ ಘೋಷಿಸಿ 2023ರ ಹೊತ್ತಿಗೆ ಪೂರ್ಣಗೊಳಿಸಿತು. ಕಂಪ್ಯೂಟರಿನಲ್ಲಿ ಇದ್ದು ಮೊಬೈಲಿನಲ್ಲಿ ಕೈಬಿಟ್ಟ ಭಾಗ ಯಂತ್ರದ ಪಾಲಿಗೆ ಇಲ್ಲವೇ ಇಲ್ಲ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಮೂಡಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು ಎಂಬುದು ಅದರ ಇಂದಿನ ಅಳತೆ. ಕ್ಯಾಮೆರಾದಿಂದ ನೇರವಾಗಿ ಏರಿಸಿದ ಹತ್ತು ಎಂಬಿ ಹೋಳಿಗೆ ಚಿತ್ರಗಳು ಈ ಅಳತೆಯನ್ನು ಸುಲಭವಾಗಿ ಮುರಿಯುತ್ತವೆ.

ಒಂದು ಬಡಾವಣೆಯ ವ್ಯಾಪಾರಕ್ಕೆ ವೆಬ್‌ಸೈಟಿಗಿಂತ ಗೂಗಲ್ ಮ್ಯಾಪಿನ ಚೀಟಿಯೇ ಹೆಚ್ಚು ಕೆಲಸ ಮಾಡುತ್ತದೆ. 2014ರಲ್ಲಿ ಗೂಗಲ್ ಮೈ ಬಿಸಿನೆಸ್ ಎಂದು ಬಂದು 2021ರಲ್ಲಿ ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂದು ಹೆಸರು ಬದಲಿಸಿಕೊಂಡ ಈ ಸೇವೆ ಉಚಿತ. ಸ್ಥಳೀಯ ಫಲಿತಾಂಶಗಳಿಗೆ ಗೂಗಲ್ ಮೂರು ಆಧಾರಗಳನ್ನು ಹೇಳುತ್ತದೆ: ಕೇಳಿದ್ದಕ್ಕೆ ಎಷ್ಟು ಹೊಂದುತ್ತದೆ, ಎಷ್ಟು ದೂರದಲ್ಲಿದೆ, ಎಷ್ಟು ಹೆಸರುವಾಸಿ. ದೂರದ ಆಧಾರವೊಂದರಿಂದಲೇ ‘ಮೊದಲನೆಯ ಸ್ಥಾನ’ ಎಂಬ ಮಾತು ಅರ್ಧ ಪೊಳ್ಳಾಗುತ್ತದೆ. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನ ಮುಂದೆ ನಿಂತವರ ಫೋನಿನಲ್ಲಿ ಮೊದಲು ಬರುವ ಅಂಗಡಿ, ಬನಶಂಕರಿ ಮೂರನೇ ಹಂತದಲ್ಲಿರುವವರಿಗೆ ಪಟ್ಟಿಯಲ್ಲೇ ಇರದಿರಬಹುದು. ಸ್ಥಾನ ಎಂಬುದು ಒಂದು ಸಂಖ್ಯೆಯಲ್ಲ, ನಿಂತ ಜಾಗಕ್ಕೊಂದು ಸಂಖ್ಯೆ.

ಪ್ರೊಫೈಲಿನಲ್ಲಿ ಬೋರ್ಡಿನಲ್ಲಿರುವ ಹೆಸರನ್ನೇ ಕೊಡಬೇಕು. ‘ಜಯನಗರದ ಬೆಸ್ಟ್ ಹೋಳಿಗೆ’ ಎಂಬ ಬಾಲ ಅಂಟಿಸುವುದು ನಿಯಮಕ್ಕೆ ವಿರುದ್ಧ, ಪ್ರೊಫೈಲನ್ನು ಅಮಾನತಿನಲ್ಲಿಡಲೂ ಬಹುದು. ವಿಳಾಸದ ಶಿಸ್ತು ಈ ಭಾಗದಲ್ಲಿ ವಿಶೇಷವಾಗಿ ಬೇಕು. ನಾಲ್ಕನೇ ಬ್ಲಾಕ್ ಬೇರೆ, ನಾಲ್ಕನೇ ಟಿ ಬ್ಲಾಕ್ ಬೇರೆ. ಮೇನ್, ಕ್ರಾಸ್ ಸಂಖ್ಯೆಗಳು ಬಡಾವಣೆಯಿಂದ ಬಡಾವಣೆಗೆ ಪುನರಾವರ್ತನೆಯಾಗುತ್ತವೆ, ಜಯನಗರಕ್ಕೆ ಪಿನ್‌ಕೋಡೂ ಒಂದೇ ಅಲ್ಲ. ವೆಬ್‌ಸೈಟ್, ಮ್ಯಾಪ್, ಬಿಲ್ ಪುಸ್ತಕ ಮೂರರಲ್ಲೂ ವಿಳಾಸ ಮತ್ತು ಫೋನ್ ನಂಬರ್ ಒಂದೇ ಬಗೆಯಲ್ಲಿರಬೇಕು. ಮನೆಯಲ್ಲಿಯೇ ಅಡುಗೆ ಮಾಡಿ ತಲುಪಿಸುವವರು, ಮನೆಮನೆಗೆ ಹೋಗಿ ಪಾಠ ಹೇಳುವವರು ವಿಳಾಸ ಮರೆಮಾಡಿ ಸೇವೆ ಕೊಡುವ ಬಡಾವಣೆಗಳನ್ನು ಮಾತ್ರ ತೋರಿಸಬಹುದು. ಈ ಅನುಕೂಲ ಬಹಳ ಮಂದಿಗೆ ತಿಳಿದಿಲ್ಲ. ಹಬ್ಬದ ದಿನದ ಸಮಯವನ್ನು ಮೊದಲೇ ತಿದ್ದುವುದೂ ಇದರಲ್ಲೇ ಸೇರಿದೆ. ಗಿರಾಕಿಗಳ ಅಭಿಪ್ರಾಯಗಳನ್ನು ಕೇಳಿ ಪಡೆಯಬಹುದು, ರಿಯಾಯಿತಿ ಕೊಟ್ಟು ಬರೆಸುವಂತಿಲ್ಲ. ಹಣ ಕೊಟ್ಟು ಬರೆಸಿದ ಹೊಗಳಿಕೆಯ ಹಾವಳಿ ಎಷ್ಟೆಂದರೆ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಆನ್‌ಲೈನ್ ಗ್ರಾಹಕ ವಿಮರ್ಶೆಗಳಿಗೆಂದೇ ಐಎಸ್ 19000 ಎಂಬ ಮಾನಕವನ್ನು ಹೊರತರಬೇಕಾಯಿತು.

ಹೆಸರುವಾಸಿ ಎಂಬುದನ್ನು ಯಂತ್ರ ಅಳೆಯುವುದು ಬಹುಪಾಲು ಲಿಂಕುಗಳಿಂದ. ಒಂದು ಪುಟಕ್ಕೆ ಬೇರೆ ಪುಟಗಳು ಕೊಡುವ ಲಿಂಕುಗಳನ್ನೂ ಆ ಪುಟಗಳ ತೂಕವನ್ನೂ ಲೆಕ್ಕಕ್ಕೆ ಹಿಡಿದ ಪೇಜ್‌ರ‍್ಯಾಂಕ್, ಸ್ಟಾನ್‌ಫರ್ಡಿನಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಹೊಸೆದ ಮೂಲ ಉಪಾಯ. ಅದಕ್ಕೆ ಮುಖ್ಯ ತಿದ್ದುಪಡಿಯೊಂದನ್ನು ಸೂಚಿಸಿದವರಲ್ಲಿ ಬೆಂಗಳೂರಿನಲ್ಲಿ ಶಾಲೆ ಓದಿದ ಕೃಷ್ಣ ಭರತ್ ಒಬ್ಬರು. ಜಾರ್ಜ್ ಮಿಹಾಯಿಲಾ ಅವರೊಡನೆ ಅವರು ರೂಪಿಸಿದ ಹಿಲ್‌ಟಾಪ್ ಕ್ರಮದಲ್ಲಿ, ಆ ವಿಷಯದ ತಜ್ಞ ಪುಟಗಳು, ಅದರಲ್ಲೂ ಪರಸ್ಪರ ಸಂಬಂಧವಿಲ್ಲದವು, ಕೊಟ್ಟ ಲಿಂಕಿಗೆ ಬೆಲೆ ಹೆಚ್ಚು. ಮುಂದೆ ಗೂಗಲ್ ನ್ಯೂಸ್ ಸೃಷ್ಟಿಸಿದ ಭರತ್, ಗೂಗಲ್ಲಿನ ಬೆಂಗಳೂರು ಸಂಶೋಧನಾ ಕೇಂದ್ರವನ್ನು 2004ರಲ್ಲಿ ಕಟ್ಟಿದವರೂ ಹೌದು. ಸ್ವಂತ ಹತ್ತು ಸೈಟು ತೆರೆದು ತಮಗೆ ತಾವೇ ಲಿಂಕು ಕೊಟ್ಟುಕೊಳ್ಳುವುದು ಏಕೆ ವ್ಯರ್ಥ ಎಂಬುದು ಇದರಿಂದ ತಿಳಿಯುತ್ತದೆ. ಅದೇ 2004ರಲ್ಲಿ ಬಾಗಿಲು ತೆರೆದ ರಂಗಶಂಕರಕ್ಕೆ ಪತ್ರಿಕೆಗಳು, ನಾಟಕ ತಂಡಗಳು, ವಿಶ್ವಕೋಶಗಳು ಎರಡು ದಶಕಗಳಿಂದ ಲಿಂಕು ಕೊಡುತ್ತ ಬಂದಿವೆ. ಅಂಥ ಲಿಂಕು ದುಡ್ಡಿಗೆ ಸಿಗುವುದಲ್ಲ. ಹೋಳಿಗೆ ಅಂಗಡಿಗೆ ಆ ಮಟ್ಟದ ಮನ್ನಣೆ ಬೇಕಿಲ್ಲ. ರಾಮೋತ್ಸವಕ್ಕೆ ಪ್ರಸಾದ ಮಾಡಿಕೊಟ್ಟ ಸಂಸ್ಥೆಯ ಪುಟದಲ್ಲೋ, ಬಡಾವಣೆಯ ಪತ್ರಿಕೆಯ ಲೇಖನದಲ್ಲೋ ನಿಜವಾದ ಒಂದೆರಡು ಉಲ್ಲೇಖಗಳಿದ್ದರೆ ಸಾಕು.

ಅಡ್ಡದಾರಿಗಳ ಚರಿತ್ರೆ ಎಸ್‌ಇಒದಷ್ಟೇ ಹಳೆಯದು. ಯಂತ್ರಕ್ಕೆ ಒಂದು, ಮನುಷ್ಯರಿಗೆ ಒಂದು ಪುಟ ತೋರಿಸಿದ್ದಕ್ಕಾಗಿ ಬಿಎಂಡಬ್ಲ್ಯುವಿನ ಜರ್ಮನ್ ಸೈಟನ್ನೇ ಗೂಗಲ್ 2006ರಲ್ಲಿ ಪಟ್ಟಿಯಿಂದ ಕೆಲಕಾಲ ತೆಗೆದುಹಾಕಿತ್ತು. ಹುರುಳಿಲ್ಲದ ಪುಟಗಳ ಮೇಲೆ 2011ರಲ್ಲಿ ಪಾಂಡಾ, ಕೃತಕ ಲಿಂಕುಗಳ ಮೇಲೆ 2012ರಲ್ಲಿ ಪೆಂಗ್ವಿನ್ ಎಂಬ ಬದಲಾವಣೆಗಳು ಬಂದವು. ದಕ್ಷಿಣ ಬೆಂಗಳೂರಿನ ಸೈಟುಗಳಲ್ಲಿ ಕಾಣುವ ರೋಗ ಇನ್ನೊಂದು ಬಗೆಯದು: ಪ್ಲಂಬಿಂಗ್ ಸೇವೆ ಜಯನಗರ, ಪ್ಲಂಬಿಂಗ್ ಸೇವೆ ಜೆ.ಪಿ. ನಗರ, ಪ್ಲಂಬಿಂಗ್ ಸೇವೆ ಬನಶಂಕರಿ ಎಂದು ಒಂದೇ ಪಠ್ಯದಲ್ಲಿ ಬಡಾವಣೆಯ ಹೆಸರು ಮಾತ್ರ ಬದಲಿಸಿ ಮಾಡಿದ ಪುಟಗಳು. ಇವು ಡೋರ್‌ವೇ ಪುಟಗಳೆನಿಸಿ ನಿಯಮ ಮೀರುತ್ತವೆ. ಕೃತಕ ಬುದ್ಧಿಮತ್ತೆಯಿಂದ ರಾಶಿ ರಾಶಿ ಬರೆಸಿದ ಪುಟಗಳಿಗೂ 2024ರ ಮಾರ್ಚ್‌ನಲ್ಲಿ ಇಂಥದೇ ನಿಯಮ ಬಂತು. ಅಲ್ಲಿ ದೋಷ ಯಂತ್ರ ಬರೆದದ್ದಲ್ಲ, ಓದುವವರಿಗೆ ಏನೂ ಕೊಡದೆ ಸ್ಥಾನಕ್ಕಾಗಿಯೇ ಗುಡ್ಡೆ ಹಾಕಿದ್ದು.

ಅದೇ ವರ್ಷ ಗೂಗಲ್ ಭಾರತದಲ್ಲಿಯೂ ಫಲಿತಾಂಶಗಳ ಮೇಲೆ ಎಐ ಓವರ್‌ವ್ಯೂ ಎಂಬ ಯಂತ್ರ ಬರೆದ ಸಾರಾಂಶಗಳನ್ನು ತೋರಿಸತೊಡಗಿತು. ಮಾಹಿತಿಗಾಗಿ ಹುಡುಕುವವರು ಮೇಲಿನ ಸಾರಾಂಶ ಓದಿ, ಯಾವ ಲಿಂಕನ್ನೂ ಒತ್ತದೆ ಹೊರಟುಬಿಡಬಹುದು. ಪಾಕವಿಧಾನ, ಸಾಮಾನ್ಯ ಜ್ಞಾನದ ಪುಟಗಳಿಗೆ ಇದು ನಿಜವಾದ ಪೆಟ್ಟು. ಹೋಳಿಗೆಯನ್ನು ಸಾರಾಂಶದಲ್ಲಿ ತಿನ್ನಲಾಗದ ಕಾರಣ ಅಂಗಡಿಗೆ ಪೆಟ್ಟು ಕಡಿಮೆ.

ಮಾಡಿದ ಕೆಲಸ ಫಲಿಸಿತೇ ಎಂದು ನೋಡಲು ಗೂಗಲ್ಲಿನ ಉಚಿತ ಸಾಧನ ಸರ್ಚ್ ಕನ್ಸೋಲ್. ಯಾವ ಪುಟ ಇಂಡೆಕ್ಸಿನಲ್ಲಿದೆ, ಯಾವುದು ಏಕೆ ಇಲ್ಲ, ಯಾವ ಪದಕ್ಕೆ ಎಷ್ಟು ಸಲ ಕಾಣಿಸಿತು, ಎಷ್ಟು ಮಂದಿ ಒತ್ತಿದರು ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಒಂದು ತಿಂಗಳಲ್ಲಿ ಮೊದಲ ಸ್ಥಾನ ಎಂದು ಖಾತರಿ ಕೊಡುವ ಪ್ಯಾಕೇಜುಗಳ ಮುಂದೆ ಗೂಗಲ್ಲಿನ ಎರಡು ಮಾತುಗಳನ್ನು ಇಡಬಹುದು: ಮೊದಲ ಸ್ಥಾನದ ಖಾತರಿ ಯಾರೂ ಕೊಡಲಾರರು, ಸುಧಾರಣೆಯ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು. ಆ ಲೆಕ್ಕದಲ್ಲಿ ಯುಗಾದಿಯ ವ್ಯಾಪಾರಕ್ಕೆ ನೆರವಾಗಬೇಕಾದ ಪುಟ ದೀಪಾವಳಿಯ ಹೊತ್ತಿಗೇ ಸಿದ್ಧವಿರಬೇಕು. ಸರ್ಚ್ ಕನ್ಸೋಲ್ 16 ತಿಂಗಳ ಅಂಕಿಅಂಶ ಉಳಿಸಿಕೊಳ್ಳುವುದರಿಂದ, ಈ ಯುಗಾದಿಯನ್ನು ಹೋದ ಯುಗಾದಿಯೊಡನೆ ಹೋಲಿಸಿ ನೋಡಲು ಬರುತ್ತದೆ. ಅದಕ್ಕೂ ಹಿಂದಿನದು ಬೇಕಾದರೆ ಆಗಾಗ ಡೌನ್‌ಲೋಡ್ ಮಾಡಿಟ್ಟುಕೊಳ್ಳಬೇಕು.